ದವಡೆ ಹಲ್ಲಿನ ಸಾಕ್ಷಿ

ಕಾಗದದ ಮಾತಿಗೆ ಬೆಲೆ ಇಲ್ಲದಂತಾದ ವರ್ಷ ನನ್ನ ಮಗಳು ಧಾತ್ರಿಗೆ ಒಂಬತ್ತು ತುಂಬಿತ್ತು. ಆ ಹೊತ್ತಿಗೆ ಯಾರು ಬೇಕಾದರೂ ಯಂತ್ರದ ಮುಂದೆ ಕೂತು ಯಾವ ದಾಖಲೆ ಬೇಕಾದರೂ ಮಾಡಿಕೊಳ್ಳಬಹುದಿತ್ತು. ಮೊಹರು, ಸಹಿ, ಆಸ್ಪತ್ರೆಯ ಚೀಟಿ, ಕೊನೆಗೆ ಹೆರಿಗೆಯ ವಿಡಿಯೋ ಕೂಡ ಸಿಗುತ್ತಿತ್ತು. ಅವು ಸರ್ಕಾರದ ಕಂಪ್ಯೂಟರಿನೊಳಗೆ ನುಗ್ಗಿ ಹತ್ತು ವರ್ಷ ಹಿಂದಿನ ತಾರೀಖಿನಲ್ಲಿ ತಣ್ಣಗೆ ಕೂತುಬಿಡುತ್ತಿದ್ದವು. ಅಸಲಿ ಯಾವುದು, ನಕಲಿ ಯಾವುದು ಎಂದು ಹೇಳುವವರೇ ಇಲ್ಲವಾದಾಗ ಸ್ಕಾರ್ವಾ ದ್ವೀಪದ ಸರ್ಕಾರ ಕೈ ಚೆಲ್ಲಿತು. ಇನ್ನು ಮೇಲೆ ಕಾಗದ ನೋಡುವುದಿಲ್ಲ, ಹಲ್ಲು ನೋಡುತ್ತೇವೆ ಎಂದಿತು.

ಆ ಹಲ್ಲು ನೋಡುವ ಕೆಲಸ ನನ್ನದು. ನನ್ನ ಹೆಸರು ಸಿಂಚನ, ಊರು ಶಿರಾ ಕಡೆಯ ಹುಣಸೆಹಟ್ಟಿ. ಸ್ಕಾರ್ವಾದವರು ನೆಲದ ಬಿಸಿ ಹಬೆಯಿಂದ ವಿದ್ಯುತ್ ತೆಗೆಯಲು ಹೊರಟಾಗ ಬಾವಿ ಕೊರೆಯಲು ಜನ ಬೇಕಾಯಿತು. ನಮ್ಮ ಕಡೆಯ ಬೋರ್‌ವೆಲ್ ಲಾರಿಯವರಿಗಿಂತ ಗಟ್ಟಿ ಕಲ್ಲು ಕೊರೆದವರು ಯಾರಿದ್ದಾರೆ? ನನ್ನ ಗಂಡ ಲೋಹಿತ್ ಆ ಮೊದಲ ತಂಡದಲ್ಲಿ ಬಂದ. ನಾನು ರಸಾಯನಶಾಸ್ತ್ರ ಓದಿದ್ದೆ, ಹಿಂದೆಯೇ ಬಂದು ಭೂಗರ್ಭ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದೆ. ಹೀಗೆ ಬಂದ ನಮ್ಮ ಕಡೆಯ ಮೂವತ್ತೊಂದು ಸಂಸಾರಗಳು ಬಂದರಿನ ಹಿಂದಿನ ಒಂದೇ ಬೀದಿಯಲ್ಲಿ ನೆಲೆ ನಿಂತಿದ್ದೆವು.

ಹಲ್ಲಿನ ಲೆಕ್ಕಾಚಾರ ಕಷ್ಟದ್ದೇನಲ್ಲ. ಬಂಡೆಯಲ್ಲಿ ಸ್ಟ್ರಾನ್ಷಿಯಂ ಎಂಬ ಲೋಹ ಇರುತ್ತದೆ. ಅದರಲ್ಲಿ ಕೊಂಚ ತೂಕದ್ದು, ಕೊಂಚ ಹಗುರದ್ದು ಎಂದು ಬಗೆಗಳಿವೆ. ಬಂಡೆ ಹಳೆಯದಾದಷ್ಟೂ ತೂಕದ್ದರ ಪಾಲು ಹೆಚ್ಚು. ಬಂಡೆ ಸವೆದು ಮಣ್ಣಾಗುತ್ತದೆ, ಮಣ್ಣಿನದು ಬೆಳೆಗೆ, ಬೆಳೆಯದು ಹೊಟ್ಟೆಗೆ. ದೇಹ ಅದನ್ನು ಕ್ಯಾಲ್ಸಿಯಂ ಎಂದೇ ಭ್ರಮಿಸಿ ಹಲ್ಲಿಗೆ, ಮೂಳೆಗೆ ಸೇರಿಸುತ್ತದೆ. ಮೂಳೆಯಾದರೂ ಬದಲಾಗುತ್ತಿರುತ್ತದೆ. ಮೊದಲ ದವಡೆ ಹಲ್ಲಿನ ಮೇಲ್ಪದರ ಮಾತ್ರ ಹುಟ್ಟಿನಿಂದ ಮೂರು ವರ್ಷದೊಳಗೆ ಒಸಡಿನ ಒಳಗೇ ತಯಾರಾಗಿ, ಆಮೇಲೆ ಸುಡುಗಾಡಿನವರೆಗೂ ಹಾಗೇ ಇರುತ್ತದೆ. ಅದರಿಂದ ಸಕ್ಕರೆ ಹರಳಿನಷ್ಟು ಚೂರು ತೆಗೆದು, ಆಮ್ಲದಲ್ಲಿ ಕರಗಿಸಿ ಯಂತ್ರಕ್ಕೆ ಹಾಕಿದರೆ ತೂಕದ್ದು ಹಗುರದ್ದರ ಎಷ್ಟು ಪಾಲು ಎಂಬ ಒಂದು ಅಂಕಿ ಬರುತ್ತದೆ. ಶಿರಾದ ಬಂಡೆ ಭೂಮಿಯ ಮುದುಕ ಬಂಡೆಗಳಲ್ಲೊಂದು, ಅದರ ಅಂಕಿ ದೊಡ್ಡದು. ಜ್ವಾಲಾಮುಖಿಯಿಂದ ನಿನ್ನೆ ಮೊನ್ನೆ ಎದ್ದ ಸ್ಕಾರ್ವಾದ್ದು ಚಿಕ್ಕದು.

ಹೊಸ ಕಾಯ್ದೆ ನಮ್ಮಂಥವರ ಮುಂದೆ ಎರಡು ದಾರಿ ಇಟ್ಟಿತು. ಒಂದು, ಅತಿಥಿ ಕಾರ್ಡು: ಮಗುವಿನ ಹುಟ್ಟನ್ನು ಯಾರೂ ಕೇಳುವುದಿಲ್ಲ, ಐದು ವರ್ಷ ಇರಬಹುದು, ಆಮೇಲೆ ಹೊರಡಬೇಕು. ಇನ್ನೊಂದು, ಹಲ್ಲು. ಅಂಕಿ 0.7095ಕ್ಕಿಂತ ಕಡಿಮೆ ಬಂದರೆ ಮಗು ಇಲ್ಲಿಯದು, ತಂದೆ ತಾಯಿಯೂ ಜೊತೆಗೆ ಉಳಿಯಬಹುದು. ಮೀರಿದರೆ ಮಗು ಹೊರಗೆ ಹುಟ್ಟಿದ್ದು, ತಂದೆ ತಾಯಿ ಸುಳ್ಳು ಹೇಳಿದ್ದಾರೆ ಎಂದರ್ಥ. ದ್ವೀಪದ ಬಂಡೆಯ ಅಂಕಿ ನಿಜವಾಗಿ ಇನ್ನೂ ಕಡಿಮೆ. ಆದರೆ ಇಲ್ಲಿಯವರು ಮೀನು ತಿನ್ನುವವರು, ಸಮುದ್ರದ ಅಂಕಿ ಕೊಂಚ ಸೇರುತ್ತದೆ ಎಂದು ಅಷ್ಟು ಸಡಿಲ ಬಿಟ್ಟಿದ್ದರು.

ಕಾಯ್ದೆ ಬಂದ ಭಾನುವಾರ ಬೀದಿಯವರೆಲ್ಲ ಕೊರೆಯುವವರ ಸಂಘದ ಹಾಲ್‌ನಲ್ಲಿ ಸೇರಿದರು. ಲೋಹಿತ್ ತನ್ನ ಟ್ರಂಕು ಹೊತ್ತು ತಂದಿದ್ದ. ಅವನು ತಯಾರಿಯ ಮನುಷ್ಯ. ಇಲ್ಲಿ ಮಂತ್ರಿ ಬದಲಾದಾಗಲೆಲ್ಲ ಎಲ್ಲದರ ಇನ್ನೊಂದು ಪ್ರತಿ ತೆಗೆಸುತ್ತಿದ್ದ. ಚುಚ್ಚುಮದ್ದಿನ ಕಾರ್ಡು, ಶಾಲೆಯ ಹಾಜರಿ, ನಮ್ಮಿಬ್ಬರನ್ನೂ ಒಟ್ಟಿಗೆ ಹಿಡಿದುಕೊಂಡು ಹೋದರೆ ಮಗುವನ್ನು ಯಾರು ನೋಡಿಕೊಳ್ಳಬೇಕೆಂಬ ವಕೀಲರ ಪತ್ರ, ಎಲ್ಲ ಅದರಲ್ಲಿತ್ತು. ಧಾತ್ರಿಗೆ ನಾಲ್ಕು ವರ್ಷಕ್ಕೇ ಮೂರು ಫೋನ್ ನಂಬರ್ ಬಾಯಿಪಾಠ ಮಾಡಿಸಿದ್ದ. ಬೀದಿಯವರು ಅವನನ್ನು ನೋಡಿಯೇ ತಮ್ಮ ತಮ್ಮ ಟ್ರಂಕು ತುಂಬಿಸಿಕೊಂಡಿದ್ದರು. ಈಗ ಅವನು ತನ್ನದನ್ನು ಬಿಚ್ಚದೆ ಅದರ ಮೇಲೇ ಕೂತುಕೊಂಡ.

ಬೀದಿಗೆ ಹಿರಿಯ ಕರಿಯಣ್ಣ. ಅವನ ಇಬ್ಬರು ಮೊಮ್ಮಕ್ಕಳೂ ಇಲ್ಲೇ ಹುಟ್ಟಿದವರು. ಅವನು ನನ್ನ ಕಡೆ ತಿರುಗಿದ.

"ನೀನು ಹೇಳಮ್ಮಿ. ಆ ಮಿಷನ್ ಮುಂದೆ ಕೂರೋಳು ನೀನು. ಕಾರ್ಡು ತಗಳಾದೋ, ಹಲ್ಲು ಕೊಡಾದೋ?"

"ಕಾಗದ ಸುಳ್ಳು ಹೇಳ್ತಾವೆ ಕಣಣ್ಣ, ಹಲ್ಲು ಹೇಳಲ್ಲ," ಅಂದೆ. "ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ಮಕ್ಳಿಗೆ ಯಾತರ ಭಯ? ಕಾರ್ಡು ತಗಂಡ್ರೆ ನಾವೇ ತಪ್ಪು ಒಪ್ಕಂಡಂಗೆ."

"ಗ್ಯಾರಂಟಿನಾ?"

"ನನ್ ಮಗಳ ಹಲ್ಲೇ ಕೊಡ್ತಿದೀನಲ್ಲ. ಇನ್ನೇನು ಬೇಕು?"

ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಆ ಬೀದಿಯಲ್ಲಿ ನನ್ನ ಓದಿಗೆ ಮರ್ಯಾದೆ ಸಿಕ್ಕಿತ್ತು. ನನಗೂ ಹೆಮ್ಮೆ ಎನಿಸಿತು, ಸುಳ್ಳೇಕೆ ಹೇಳಲಿ. ಮೂವತ್ತೊಂದು ಸಂಸಾರವೂ ಹಲ್ಲಿನ ಅರ್ಜಿಗೇ ಸಹಿ ಹಾಕಿದವು.

ಮೊದಲ ಹನ್ನೆರಡು ಚೂರುಗಳು ಪ್ರಯೋಗಾಲಯಕ್ಕೆ ಬರುವಾಗ ಕಾರ್ಡು ಕೇಳುವ ಕೊನೆಯ ದಿನ ಮುಗಿದು ಹನ್ನೊಂದು ದಿನವಾಗಿತ್ತು. ಸೀಸೆಗಳ ಮೇಲೆ ಹೆಸರಿರಲಿಲ್ಲ, ಸಂಖ್ಯೆ ಮತ್ತು ಹಲ್ಲು ಕೆರೆದ ತಾರೀಖು ಮಾತ್ರ. ಆದರೆ ನಮ್ಮ ಬೀದಿಯದೇ ಎಂದು ಗೊತ್ತಿತ್ತು. ಮೊದಲನೆಯದು 0.7149 ಬಂತು. ನಾನು ಸೀಸೆ ತೊಳೆದದ್ದು ಸರಿಯಾಗಿಲ್ಲ ಎಂದುಕೊಂಡೆ. ಎರಡನೆಯದು 0.7162. ಹನ್ನೆರಡೂ ಹಾಗೇ. ಯಂತ್ರಕ್ಕೆ ಗೊತ್ತಿರುವ ಅಳತೆಯ ದ್ರಾವಣ ಹಾಕಿ ನೋಡಿದೆ, ಯಂತ್ರ ಸರಿಯಾಗಿಯೇ ಇತ್ತು.

ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಮಾರೆನ್ ದ್ವೀಪದವಳೇ, ಐವತ್ತೈದರ ಹೆಂಗಸು, ಮಾತು ಕಡಿಮೆ. ಕಾಯ್ದೆ ಬರುವ ಮೊದಲು ನಾವಿಬ್ಬರೂ ಸಾವಿರ ವರ್ಷ ಹಿಂದಿನ ನಾವಿಕರ ಹಲ್ಲು ನೋಡಿ ಅವರು ಯಾವ ತೀರದವರು ಎಂದು ಹೇಳುತ್ತಾ ಸುಖವಾಗಿದ್ದೆವು. ಅವಳು ಪಟ್ಟಿಯನ್ನು ಎರಡು ಸಲ ಓದಿದಳು.

"ಈ ಮಕ್ಕಳು ಮೂರು ವರ್ಷವಾದ ಮೇಲೆ ಇಲ್ಲಿಗೆ ಬಂದಿದ್ದಾರೆ," ಎಂದಳು. "ಇದಕ್ಕೆ ಬೇರೆ ಅರ್ಥ ನನಗಂತೂ ತಿಳಿಯದು."

"ನಮ್ಮ ಬೀದಿಯ ಏಳು ಮಕ್ಕಳ ಹೆರಿಗೆಗೆ ನಾನು ಆಸ್ಪತ್ರೆಯ ಬಾಗಿಲಲ್ಲಿ ಕಾಫಿ ಫ್ಲಾಸ್ಕು ಹಿಡಿದು ನಿಂತಿದ್ದೆ ಮಾರೆನ್."

"ನಿನ್ನನ್ನು ನಾನು ನಂಬುತ್ತೇನೆ. ಅಂಕಿ ನಿನ್ನನ್ನು ನಂಬುವುದಿಲ್ಲವಲ್ಲ."

ಆ ಸಂಜೆ ಊರಿನಿಂದ ಅಮ್ಮನ ಪಾರ್ಸೆಲ್ ಬಂದಿತ್ತು. ಮೂರು ತಿಂಗಳಿಗೊಮ್ಮೆ ಬರುತ್ತಿತ್ತು. ನನ್ನ ಅಮ್ಮ ಭಾಗ್ಯಮ್ಮ ಮಹಿಳಾ ಸಂಘ ಕಟ್ಟಿಕೊಂಡು ಹೊರದೇಶದಲ್ಲಿರುವ ನಮ್ಮ ಕಡೆಯವರಿಗೆಲ್ಲ ರಾಗಿ ಹಿಟ್ಟು ಕಳಿಸುತ್ತಿದ್ದಳು. ನಮ್ಮ ಬೀದಿಯ ಮೂವತ್ತೊಂದು ಮನೆಗೂ ಅವಳದೇ ಹಿಟ್ಟು. ಮಕ್ಕಳಿಗೆಂದು ರಾಗಿ ನೆನೆಸಿ, ಮೊಳಕೆ ಕಟ್ಟಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದ ಸರಿ ಹಿಟ್ಟು ಬೇರೆ ಡಬ್ಬಿಯಲ್ಲಿ ಇರುತ್ತಿತ್ತು. ಬಂತೆಂದು ಹೇಳಲು ಫೋನ್ ಮಾಡಿದೆ.

"ಯಾಕಮ್ಮಿ, ದನಿ ಒಂಥರಾ ಐತೆ?" ಅಂದಳು.

"ಕೆಲ್ಸ ಜಾಸ್ತಿ ಅಮ್ಮ. ಮಕ್ಳ ಹಲ್ಲು ಪರೀಕ್ಷೆ."

"ನಮ್ ಧಾತ್ರಿ ಹಲ್ಲಿಗೇನಾಗೈತೆ, ಕಬ್ಣ ಇದ್ದಂಗವೆ. ಅಲ್ಲಿ ಡಾಕ್ಟ್ರಮ್ಮ ಡಬ್ಬಿ ಹಾಲಿನ ಪುಡಿ ಕೊಡಿ ಅಂದಾಗ ನಾನೇನಂದೆ? ಬ್ಯಾಡ ಕಣಮ್ಮಿ, ಮೂರೊತ್ತೂ ರಾಗಿ ಸರಿ ತಿನ್ಸು ಅಂದೆ. ನೀನೂ ಮುದ್ದೆ ತಿಂದೇ ಹಾಲು ಕೊಟ್ಟೆ. ಅವ್ಳ ಹಲ್ಲು, ಮೂಳೆ, ಎಲ್ಲಾ ನಮ್ ಹೊಲದ್ದೇ ತಿಳ್ಕ."

ನಾನು ಫೋನ್ ಹಿಡಿದೇ ಆಗ ತಾನೇ ಬಂದ ಸರಿ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದೆ. ಅಮ್ಮ ಇನ್ನೂ ಏನೋ ಹೇಳುತ್ತಿದ್ದಳು. ಅಕ್ಕಿಗಿಂತ ಮೂವತ್ತು ಪಟ್ಟು ಕ್ಯಾಲ್ಸಿಯಂ ಇರುವ ಧಾನ್ಯ ಅದು ಎಂದು ನಾನೇ ಎಷ್ಟು ಜನಕ್ಕೆ ಪಾಠ ಹೇಳಿಲ್ಲ! ಕ್ಯಾಲ್ಸಿಯಂ ಹೋದಲ್ಲಿಗೆ ಸ್ಟ್ರಾನ್ಷಿಯಂ ಹೋಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ನಾನು ಓದಿದ್ದು ಒಂದು ಕೋಣೆಯಲ್ಲಿತ್ತು, ತಿನ್ನಿಸಿದ್ದು ಇನ್ನೊಂದರಲ್ಲಿ. ಮನೆಯ ಊಟ ಹೊರದೇಶದ ವಸ್ತು ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ, ಅದು ಬರೀ ಊಟವಾಗಿತ್ತು.

ಮರುದಿನ ಬೆಳಗ್ಗೆ ಒಂದು ಚಮಚ ರಾಗಿ ಹಿಟ್ಟನ್ನು ಕಾಗದದಲ್ಲಿ ಕಟ್ಟಿಕೊಂಡು ಹೋದೆ. ಸುಟ್ಟು, ಕರಗಿಸಿ, ಯಂತ್ರಕ್ಕೆ ಹಾಕಿದೆ. 0.7243. ಮಾರೆನ್‌ಳನ್ನು ಕರೆದು ತೋರಿಸಿದೆ. ಅವಳು ಹಿಟ್ಟನ್ನು ಬೆರಳಲ್ಲಿ ಮುಟ್ಟಿ ಮೂಸಿದಳು.

"ನಮ್ಮ ನಾವಿಕರ ಲೆಕ್ಕ ಹೇಗೆ ಸರಿಯಾಗುತ್ತಿತ್ತು ಹಾಗಾದರೆ?" ಎಂದಳು.

"ಅವರು ಪಾರ್ಸೆಲ್ ತರಿಸಿ ತಿಂದವರಲ್ಲ."

ಅವಳಿಗೆ ನಗು ಬರಲಿಲ್ಲ. ಆಗಲೇ ಸಚಿವಾಲಯಕ್ಕೆ ಎರಡು ಪುಟದ ವರದಿ ಬರೆದು ಕಳಿಸಿದಳು. ಅವಳು ಕೆಟ್ಟವಳಲ್ಲ ಎಂದು ಇಲ್ಲಿ ಹೇಳಲೇಬೇಕು. ನಾಲ್ಕನೇ ದಿನ ಅಲ್ಲಿಂದ ಪ್ರಶ್ನೆಯೊಂದು ಬಂತು. ಮಾರೆನ್ ಅದನ್ನು ನನಗೆ ಓದಿ ಹೇಳಿದಳು.

"ಇಲ್ಲಿ ಹುಟ್ಟಿ ಆ ಧಾನ್ಯ ತಿಂದ ಮಗು, ಅಲ್ಲಿ ಹುಟ್ಟಿ ಮೂರು ವರ್ಷಕ್ಕೆ ಇಲ್ಲಿಗೆ ಬಂದ ಮಗು. ಇಬ್ಬರ ಹಲ್ಲಿಗೂ ಒಂದೇ ಅಂಕಿ ಬರಬಹುದೇ ಎಂದು ಕೇಳಿದ್ದಾರೆ."

"ಬರಬಹುದು."

"ಹಾಗಿದ್ದರೆ ಬೇರೆ ಮಾಡುವುದು ಹೇಗೆ?"

"ಆಸ್ಪತ್ರೆಯ ದಾಖಲೆ ನೋಡಲಿ."

"ಅದು ಕಾಗದ," ಎಂದಳು ಮಾರೆನ್.

ಅವಳು ಕಿಟಕಿಯ ಕಡೆ ನೋಡುತ್ತಾ ಹೇಳಿದಳು: "ಒಂದು ಮಗುವಿಗೆ ವಿನಾಯಿತಿ ಕೊಟ್ಟರೆ ಹಲ್ಲಿಗೂ ಕಾಗದದ ಗತಿಯೇ ಬರುತ್ತದೆ. ಆಮೇಲೆ ಅವರ ಕೈಯಲ್ಲಿ ನಂಬುವುದಕ್ಕೆ ಏನೂ ಉಳಿಯುವುದಿಲ್ಲ. ಅವರಿಗೆ ನಿಜ ಬೇಡ ಸಿಂಚನ, ಒಂದು ಅಂಕಿ ಬೇಕು." ಮೀನಿಗೆ ಸಡಿಲ ಕೊಟ್ಟವರು ರಾಗಿಗೆ ಕೊಡಲಿಲ್ಲ. ಮೀನು ಅವರ ಅಜ್ಜಿಯರು ತಿನ್ನಿಸಿದ್ದು.

ಧಾತ್ರಿಯ ಚೂರು ಮೂರನೇ ಕಂತಿನಲ್ಲಿ ಬಂತು. ಅವಳ ಹಲ್ಲು ಕೆರೆದ ದಿನ ನನಗೆ ಗೊತ್ತಿದ್ದರಿಂದ ಸೀಸೆ ಯಾವುದೆಂದು ಗುರುತು ಹಿಡಿದೆ. ಈ ದ್ವೀಪದಲ್ಲೇ ಹುಟ್ಟಿದ ಹಳೆಯ ನಾವಿಕನೊಬ್ಬನ ಹಲ್ಲಿನ ದ್ರಾವಣ ಬೀರುವಿನಲ್ಲಿತ್ತು, ಅದನ್ನು ಈ ಸೀಸೆಗೆ ಸುರಿದಿದ್ದರೆ ಯಾರ ಮಗುವಿಗೂ ಅನ್ಯಾಯ ಆಗುತ್ತಿರಲಿಲ್ಲ. ನಾನು ಪ್ರಾಮಾಣಿಕಳೆಂದು ಹಾಗೆ ಮಾಡಲಿಲ್ಲ ಎಂದುಕೊಳ್ಳಬೇಡಿ. ಪ್ರತಿ ಚೂರಿನ ಅರ್ಧ ಇನ್ನೊಂದು ಊರಿನ ಪ್ರಯೋಗಾಲಯಕ್ಕೂ ಹೋಗುತ್ತಿತ್ತು, ಎರಡೂ ಅಂಕಿ ಹೊಂದಬೇಕಿತ್ತು. ಆದ್ದರಿಂದ ನನ್ನ ಮಗಳ ಹಲ್ಲನ್ನು ನಾನೇ ಕರಗಿಸಿ, ನಾನೇ ಯಂತ್ರಕ್ಕೆ ಹಾಕಿ, ನಾನೇ ಬರೆದುಕೊಂಡೆ. 0.7158.

ಬೀದಿಯಲ್ಲಿ ಪಾಸಾದದ್ದು ಒಂದೇ ಮಗು. ಅದರ ತಾಯಿಗೆ ಹೆರಿಗೆಯಾದ ಮೇಲೆ ಕಾಯಿಲೆಯಾಗಿ, ಆಸ್ಪತ್ರೆಯವರೇ ಡಬ್ಬಿ ಹಾಲು ಕುಡಿಸಿ ಸಾಕಿದ್ದರು. ಆ ದಿನಗಳಲ್ಲಿ ಬೀದಿಯ ಹೆಂಗಸರೆಲ್ಲ, ನಾನೂ ಸೇರಿ, ಅಯ್ಯೋ ಪಾಪ, ಮಗೂಗೆ ಒಂದು ತುತ್ತು ಸರಿ ಸಿಗಲಿಲ್ಲವಲ್ಲ ಎಂದು ಕನಿಕರ ತೋರಿಸಿದ್ದೆವು.

ಕರಿಯಣ್ಣ ನಮ್ಮ ಮನೆಗೆ ಬಂದ. ಕೂಗಾಡುತ್ತಾನೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ. ಬಾಗಿಲಲ್ಲೇ ನಿಂತು ಟೋಪಿ ತೆಗೆದ.

"ಕಾರ್ಡು ತಗಂಡಿದ್ರೆ ಐದು ವರ್ಷನಾದ್ರೂ ಇರ್ತಿದ್ವಿ ಕಣಮ್ಮಿ."

"ಹೌದಣ್ಣ."

"ದೊಡ್ಡೋನಿಗೆ ಸ್ಕೂಲ್ ಮುಗೀತಿತ್ತು."

"ನಂದೇ ತಪ್ಪು ಅಣ್ಣ."

"ನಿಂದಲ್ಲ ಅನ್ನಾನ ಅಂತಲೇ ಬಂದೆ," ಅಂದ. "ಬಾಯಿ ಬರ್ತಿಲ್ಲ." ತಿರುಗಿ ಹೋಗಿಬಿಟ್ಟ. ಅವನು ಬೈದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ನಮ್ಮ ಪಾಲಿನ ಅಧಿಕಾರಿ ಮೂವತ್ತು ದಾಟದ ಹುಡುಗಿ, ಮೆತ್ತಗೆ ಮಾತಾಡುವವಳು. ನನ್ನನ್ನೂ ಲೋಹಿತ್‌ನನ್ನೂ ಕಚೇರಿಗೆ ಕರೆಸಿ ಎರಡು ದಾರಿ ವಿವರಿಸಿದಳು. ಮಗು ಹುಣಸೆಹಟ್ಟಿಯಲ್ಲಿ ಹುಟ್ಟಿತು, ಮೂರು ವರ್ಷ ಕಳೆದ ಮೇಲೆ ಸುಳ್ಳು ದಾಖಲೆ ಮಾಡಿಸಿ ಕರೆತಂದೆವು ಎಂದು ಬರೆದುಕೊಟ್ಟರೆ ಮೂವರನ್ನೂ ಒಂದೇ ವಿಮಾನದಲ್ಲಿ ಕಳಿಸುತ್ತಾರೆ. ಬರೆದುಕೊಡದಿದ್ದರೆ ನಮ್ಮ ಮೇಲೆ ಮೊಕದ್ದಮೆ. ಅದು ಮುಗಿಯುವವರೆಗೆ, ಅಂದರೆ ಎರಡೋ ಮೂರೋ ವರ್ಷ, ಧಾತ್ರಿ ಸರ್ಕಾರದ ಮಕ್ಕಳ ಮನೆಯಲ್ಲಿರಬೇಕು. ಕಾಗದ ನಂಬುವುದಿಲ್ಲ ಎಂದವರು ಈಗ ನಮ್ಮ ಮುಂದೆ ಕಾಗದವನ್ನೇ ಇಟ್ಟಿದ್ದರು.

"ಎಂಟು ವರ್ಷ ದಾಟಿದ ಮಗುವಾದ್ದರಿಂದ ಅವಳೂ ತನ್ನ ಮಾತಿನಲ್ಲಿ ಹೇಳಬೇಕಾಗುತ್ತದೆ," ಎಂದಳು. "ನೀವು ಅವಳನ್ನು ಸಿದ್ಧಮಾಡಿಕೊಂಡು ಬನ್ನಿ. ಮಗು ತಡವರಿಸಿದರೆ ನಿಮ್ಮ ತಪ್ಪೊಪ್ಪಿಗೆ ಪತ್ರ ಬಿದ್ದುಹೋಗುತ್ತದೆ."

ಹೀಗೆ ಲೋಹಿತ್‌ಗೆ ಕೊನೆಯ ತಯಾರಿ ಸಿಕ್ಕಿತು. ಶಾಲೆ ಬಿಟ್ಟ ಮೇಲೆ ದಿನವೂ ಊಟದ ಮೇಜಿನ ಆ ಕಡೆ ಅವನು ಅಧಿಕಾರಿಯಾಗಿ ಕೂರುತ್ತಿದ್ದ, ಈ ಕಡೆ ಧಾತ್ರಿ.

"ನೀನು ಹುಟ್ಟಿದ್ದು ಎಲ್ಲಿ?"

"ಬಂದರಿನ ಆಸ್ಪತ್ರೇಲಿ. ಆವತ್ತು ಹಿಮ ಬಿದ್ದು ನಿನ್ ವ್ಯಾನು ಸಿಕ್ಕಾಕಂಡಿತ್ತು."

"ಅದನ್ನ ಹೇಳ್ಬಾರ್ದು ಮಗ."

"ಮತ್ತೆ ಅದೇ ತಾನೆ ನಿಜ?"

"ನಿಜಾನೇ."

"ಅಂದ್ರೆ ನಾನು ಸುಳ್ಳು ಹೇಳ್ಬೇಕಾ?"

ಲೋಹಿತ್ ನನ್ನ ಕಡೆ ನೋಡಿದ. ನಾನು, "ಹ್ಞೂ ಕಣೆ, ಸುಳ್ಳು ಹೇಳ್ಬೇಕು," ಅಂದೆ.

"ಹಲ್ಲು ಸುಳ್ಳು ಹೇಳಲ್ಲ ಅಂತ ನೀನೇ ಅಂದಿದ್ದಲ್ಲಮ್ಮ. ನನ್ ಹಲ್ಲು ಆ ಊರು ಅಂತಿದ್ರೆ ಅದೇ ನಿಜ ಇರ್ಬೌದು. ನಿಂಗೇ ಮರ್ತೋಗಿರ್ಬೌದು."

ಅವಳು ತಮಾಷೆ ಮಾಡುತ್ತಿರಲಿಲ್ಲ. ನಿಜವಾಗಿಯೂ ಯೋಚಿಸಿ ಹೇಳಿದ್ದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದನ್ನು ನಾನು ಮರೆತಿರಬಹುದು ಎಂದು ನನ್ನ ಮಗಳೇ ನನಗೆ ಸಮಾಧಾನ ಹೇಳುತ್ತಿದ್ದಳು. ಲೋಹಿತ್ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುವಿದ. ಅವನು ಅಳುವುದು ನಮಗೆ ಕೇಳಬಾರದೆಂದು ಹಾಗೆ ಮಾಡುತ್ತಿದ್ದ. ನಮಗೆ ಕೇಳುತ್ತಿತ್ತು.

ಧಾತ್ರಿ ಬಲು ಬೇಗ ಕಲಿತಳು. ಹುಣಸೆಹಟ್ಟಿಯನ್ನು ಅವಳು ಕಂಡೇ ಇರಲಿಲ್ಲ. ರಜೆಗೆಂದು ಒಮ್ಮೆ ದ್ವೀಪ ಬಿಟ್ಟವರನ್ನು ಮತ್ತೆ ಒಳಗೆ ಬಿಡದ ಸುದ್ದಿ ಕೇಳಿ ಕೇಳಿ ನಾವು ಹೊರಗೆ ಕಾಲಿಟ್ಟವರಲ್ಲ. ಈಗ ಕೇಳಿ ಕೇಳಿ ಬರೆದುಕೊಂಡಳು. ಮನೆಯ ಮುಂದೆ ಏನಿದೆ, ಜಗಲಿ ಎಷ್ಟೆತ್ತರ, ಹಾಲಿನ ಡೈರಿ ಎಷ್ಟು ಹೊತ್ತಿಗೆ ತೆಗೆಯುತ್ತಾರೆ. ಶುಕ್ರವಾರದ ಹೊತ್ತಿಗೆ ನಾವು ಹೇಳದ್ದನ್ನೂ ಸೇರಿಸತೊಡಗಿದಳು. ಕರಿ ಮೇಕೆಯೊಂದು ತನ್ನ ಫ್ರಾಕು ಕಚ್ಚಿತ್ತಂತೆ. ಯಾರು ಹೇಳಿದ್ದು ಎಂದು ಕೇಳಿದೆ. "ಯಾರೂ ಹೇಳ್ಲಿಲ್ಲ. ಮೂರು ವರ್ಷದ ಮಗೂಗೆ ಇಂಥದ್ದೇ ನೆನಪಿರೋದು," ಅಂದಳು.

ಬುಧವಾರ ಹತ್ತೂವರೆಗೆ ವಿಚಾರಣೆ. ಕೋಣೆಯಲ್ಲಿ ಒಂದು ಮೇಜು, ನಾಲ್ಕು ಕುರ್ಚಿ, ದಾಖಲಿಸಿಕೊಳ್ಳುವ ಯಂತ್ರ. ನಾವು ಸಹಿ ಮಾಡಿದೆವು. ಅಧಿಕಾರಿ ಧಾತ್ರಿಯ ಕಡೆ ಬಾಗಿ, ದ್ವೀಪದ ಭಾಷೆಯಲ್ಲಿ, ಮಕ್ಕಳ ಹತ್ತಿರ ಮಾತಾಡುವ ದನಿಯಲ್ಲಿ ಕೇಳಿದಳು.

"ನೀನು ಹುಟ್ಟಿದ್ದು ಎಲ್ಲಿ ಪುಟ್ಟಾ?"

"ಹುಣಸೆಹಟ್ಟಿಯಲ್ಲಿ."

"ನಿನಗೆ ನೆನಪಿದೆಯಾ?"

"ಸ್ವಲ್ಪ ನೆನಪಿದೆ. ಜಗಲಿ ಎತ್ತರ ಇತ್ತು, ನನಗೆ ಹತ್ತಲು ಆಗುತ್ತಿರಲಿಲ್ಲ, ಅಜ್ಜಿ ಎತ್ತಿ ಕೂರಿಸುತ್ತಿದ್ದಳು. ಒಂದು ಕರಿ ಮೇಕೆ ನನ್ನ ಫ್ರಾಕು ಕಚ್ಚಿತ್ತು. ವಿಮಾನದಲ್ಲಿ ಬರುವಾಗ ಅತ್ತಿದ್ದೆ."

ಅವಳ ಉಚ್ಚಾರಣೆ ಅಪ್ಪಟ ಸ್ಕಾರ್ವಾದ್ದು, ಬಂದರಿನ ಕಡೆಯವರದ್ದು. ಅಧಿಕಾರಿಯ ಭಾಷೆಯೂ ಅದೇ. ಇಬ್ಬರೂ ಒಂದೇ ಮನೆಯವರಂತೆ ಮಾತಾಡುತ್ತಿದ್ದರು.

"ನಾನು ಇಲ್ಲೇ ಹುಟ್ಟಿದ್ದು ಎಂದು ಹೇಳು ಅಂತ ಅಪ್ಪ ಅಮ್ಮ ಅಂದಿದ್ದರಾ?"

"ಹೌದು. ಅದು ಸುಳ್ಳು."

ಅಧಿಕಾರಿ ಬರೆದುಕೊಂಡಳು. ಅವಳ ಕಣ್ಣಿನಲ್ಲಿ ಕನಿಕರವಿತ್ತು, ಅದು ಧಾತ್ರಿಯ ಮೇಲೆ ಮಾತ್ರ. ನಮ್ಮನ್ನು ನೋಡುವಾಗ ಇರಲಿಲ್ಲ. ಮಗುವಿಗೆ ಇಷ್ಟು ವರ್ಷ ಸುಳ್ಳು ಕಲಿಸಿದ ತಂದೆ ತಾಯಿ ನಾವು.

ಆಗ ಧಾತ್ರಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು: "ಅಮ್ಮ, ಸರಿಯಾಗಿ ಹೇಳಿದ್ನಾ?"

ಅಧಿಕಾರಿಯ ಪೆನ್ನು ನಿಂತಿತು. ದಾಖಲಿಸುವ ಯಂತ್ರದ ದೀಪ ಉರಿಯುತ್ತಲೇ ಇತ್ತು. "ಏನಂದಳು?" ಎಂದು ನನ್ನನ್ನು ಕೇಳಿದಳು.

"ಬಾತ್‌ರೂಮಿಗೆ ಹೋಗಬೇಕಂತೆ," ಅಂದೆ.

ಧಾತ್ರಿ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕುರ್ಚಿಯಿಂದ ಇಳಿದು, ತುಂಬಾ ಅವಸರವಾದವಳ ಹಾಗೆ ಕಾಲು ಹೆಣೆದುಕೊಂಡು ನಿಂತಳು. ಅಧಿಕಾರಿ ನಕ್ಕು ಅವಳ ಕೈ ಹಿಡಿದು ಕರೆದುಕೊಂಡು ಹೋದಳು. ಲೋಹಿತ್ ಮತ್ತು ನಾನು ಕೂತೇ ಇದ್ದೆವು. ಗೋಡೆಯಾಚೆ ಬಾಗಿಲು ಹಾಕಿದ್ದು ಕೇಳಿಸಿತು. ನೀರು ಬಿಟ್ಟ ಸದ್ದೂ ಕೇಳಿಸಿತು, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸರಿಯಾಗಿ ಕಾದು. ಅವಳು ಕೈ ತೊಳೆದು, ಒದ್ದೆ ಕೈಯನ್ನು ಫ್ರಾಕಿಗೆ ಒರೆಸಿಕೊಳ್ಳುತ್ತಾ ಬಂದು, ನನ್ನ ಕಡೆ ನೋಡದೆ ತನ್ನ ಜಾಗದಲ್ಲಿ ಕೂತಳು.